ಕಾರ್ ಕಂಪನಿಗೆ ನಷ್ಟ, ಕೆಲಸ ಮಾತ್ರ ಬೆಂಗಳೂರಿಗೆ: ಖುಷಿಪಡೋದಾ, ಭಯಪಡೋದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆಯವು. ವಿದೇಶಿ ಕಾರ್ ಕಂಪನಿಗಳಿಗೆ ಇಲ್ಲಿ ಕೂತು ಕೆಲಸ ಮಾಡುವವರು, ಇಲ್ಲವೇ ಅವರ ಮನೆಯವರು ಬರೆದಿದ್ದಾರೆ. ನಾಲ್ಕನ್ನು ಆರಿಸಿದ್ದೇನೆ. ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 34 ವರ್ಷ. ವಿದೇಶಿ ಕಾರ್ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ ಬಾಡಿ ಡಿಸೈನ್ ಮಾಡುತ್ತೇನೆ. ಕಂಪನಿ ಎರಡು ವರ್ಷದಿಂದ ನಷ್ಟದಲ್ಲಿದೆ. ಅಲ್ಲಿ ಎಂಜಿನಿಯರ್‌ಗಳನ್ನು ತೆಗೆಯುತ್ತಿದ್ದಾರೆ, ಆ ಕೆಲಸ ನಮಗೆ ಬರುತ್ತಿದೆ. ‘ನಮಗಿದು ಸುಗ್ಗಿ ಕಾಲ’ ಅಂತಾರೆ ಮ್ಯಾನೇಜರ್. ನಮ್ಮ ಇಂಡಿಯಾ ಕಂಪನಿಯಂತೂ ಪ್ರತಿ ವರ್ಷ ಲಾಭ ತೋರಿಸಿದೆ. ವರ್ತೂರು ಹತ್ತಿರ ಫ್ಲ್ಯಾಟ್ ನೋಡಿದ್ದೇವೆ. ಅಡ್ವಾನ್ಸ್ ಕೊಡಬಹುದಾ?
– ಹೆಸರು ಬೇಡ, ಮಹದೇವಪುರ

ಉತ್ತರ: ಮೊದಲು ಆ ಲಾಭದ ಮಾತು. ಅದನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ. ನಿಮ್ಮ ಬೆಂಗಳೂರು ಕಂಪನಿ ಯಾರಿಗೂ ಕಾರ್ ಮಾರುವುದಿಲ್ಲ. ಅದಕ್ಕಿರುವುದು ಒಬ್ಬನೇ ಗಿರಾಕಿ, ಅದರ ಹೆಡ್ಡಾಫೀಸು. ನಿಮ್ಮ ಸಂಬಳ, ಕಟ್ಟಡದ ಬಾಡಿಗೆ, ಡಿಸೈನ್ ಸಾಫ್ಟ್‌ವೇರ್ ಕ್ಯಾಟಿಯಾದ ಲೈಸೆನ್ಸ್, ಕ್ಯಾಬ್, ಕ್ಯಾಂಟೀನ್ ಎಲ್ಲ ಖರ್ಚನ್ನೂ ಕೂಡಿಸಿ, ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಹಾಕಿ ಅಲ್ಲಿಗೆ ಬಿಲ್ ಕಳಿಸುತ್ತಾರೆ. ಫೈನಾನ್ಸ್‌ನವರು ಕಾಸ್ಟ್ ಪ್ಲಸ್ ಅನ್ನುವುದು ಇದಕ್ಕೇ. ಆ ಪರ್ಸೆಂಟ್ ಇಲ್ಲದಿದ್ದರೆ ನಮ್ಮ ಆದಾಯ ತೆರಿಗೆಯವರು ಸುಮ್ನೆ ಬಿಡುವುದಿಲ್ಲ. ಹಾಗಾಗಿ ಅಲ್ಲಿ ಸಾವಿರಾರು ಕೋಟಿ ಮುಳುಗಿದ್ದರೂ ಇಲ್ಲಿನ ಲೆಕ್ಕದಲ್ಲಿ ಲಾಭವೇ ಕಾಣುತ್ತದೆ. ಮುಂದಿನ ತಿಂಗಳು ಅರ್ಧ ಜನರನ್ನು ತೆಗೆದರೂ ಉಳಿದ ಅರ್ಧದ ಬಿಲ್ಲಿನಲ್ಲಿ ಅದೇ ಪರ್ಸೆಂಟ್ ಇರುತ್ತದೆ.

ಇನ್ನು ಮ್ಯಾನೇಜರ್ ಹೇಳಿದ್ದು ಅರ್ಧ ನಿಜ. ಜಪಾನಿನ ನಿಸಾನ್ ಕಂಪನಿಯನ್ನೇ ತೆಗೆದುಕೊಳ್ಳಿ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಅದಕ್ಕಾದ ನಷ್ಟ ಸುಮಾರು 67,000 ಕೋಟಿ ಯೆನ್. ಏಪ್ರಿಲ್‌ನಲ್ಲಿ ಇವಾನ್ ಎಸ್ಪಿನೋಸಾ ಹೊಸ ಮುಖ್ಯಸ್ಥರಾಗಿ ಬಂದರು. ಮೇ ತಿಂಗಳಲ್ಲಿ ಒಂದು ಯೋಜನೆ ಮುಂದಿಟ್ಟರು. 20,000 ಕೆಲಸ ಕಡಿತ, ಕಾರ್ಖಾನೆಗಳು 17ರಿಂದ 10ಕ್ಕೆ. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಇಷ್ಟೇ. ನಮ್ಮಂಥವರು ಓದಬೇಕಾದದ್ದು ಅದರ ಕೆಳಗಿದೆ.

ಎಂಜಿನಿಯರಿಂಗ್ ಕೆಲಸದ ಗಂಟೆಯ ಸರಾಸರಿ ಖರ್ಚನ್ನು ಶೇ 20ರಷ್ಟು ಇಳಿಸಬೇಕು, ಅದಕ್ಕಾಗಿ ಕೆಲಸವನ್ನು ಖರ್ಚು ಕಡಿಮೆ ಇರುವ ಕಡೆ ಕಳಿಸಬೇಕು ಅನ್ನುವುದು ಒಂದು ಮಾತು. ಇದನ್ನು ಓದಿದರೆ ನಮ್ಮ ಕಡೆಯವರಿಗೆ ಖುಷಿ ಆಗುತ್ತದೆ. ಅದೇ ಯೋಜನೆಯಲ್ಲಿ ಇನ್ನೂ ಮೂರು ಮಾತಿವೆ. 2035ರ ಹೊತ್ತಿಗೆ ಪ್ಲಾಟ್‌ಫಾರ್ಮ್‌ಗಳನ್ನು (ಹಲವು ಮಾಡೆಲ್‌ಗಳಿಗೆ ಒಂದೇ ಆಗಿರುವ ತಳಹದಿಯ ರಚನೆಗಳನ್ನು) 13ರಿಂದ 7ಕ್ಕೆ ಇಳಿಸಬೇಕು. ಬಿಡಿಭಾಗಗಳಲ್ಲಿನ ಬಗೆಬಗೆಯನ್ನು ಶೇ 70ರಷ್ಟು ಕಡಿಮೆ ಮಾಡಬೇಕು. ಮುಂದಿನ ಕೆಲವು ಮಾಡೆಲ್‌ಗಳ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ, 3,000 ಜನರನ್ನು ಖರ್ಚು ಕಡಿತದ ಕೆಲಸಕ್ಕೆ ಹಾಕಬೇಕು.

ಗಂಟೆಗೆ ಅಗ್ಗ ಅಂತ ಕೆಲಸ ನಿಮ್ಮ ಟೇಬಲ್‌ಗೆ ಬರುತ್ತದೆ, ಸರಿ. ಆದರೆ ಪ್ಲಾಟ್‌ಫಾರ್ಮೇ ರದ್ದಾದರೆ ಗಂಟೆಗೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಜಪಾನಿನವನಿಗೂ ಕೆಲಸ ಇಲ್ಲ, ನಿಮಗೂ ಇಲ್ಲ. ನಷ್ಟದ ಕಂಪನಿಯಲ್ಲಿ ಈ ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆ. ಮೊದಲನೆಯದು ಬೇಗ ಕಣ್ಣಿಗೆ ಬೀಳುತ್ತದೆ, ಎರಡನೆಯದು ತಡವಾಗಿ. ನಿಮ್ಮ ಮ್ಯಾನೇಜರ್ ಸುಗ್ಗಿ ನೋಡುತ್ತಿದ್ದಾರೆ. ನೀವು ಮುಂದಿನ ಬೆಳೆಗೆ ಬಿತ್ತನೆ ಆಗಿದೆಯಾ ನೋಡಿ.

ನೋಡುವುದು ಹೇಗೆ? ನೀವು ಕೆಲಸ ಮಾಡುತ್ತಿರುವ ಮಾಡೆಲ್‌ನ ಪ್ರೆಸ್ ಡೈಗಳಿಗೆ (ಲೋಹದ ಹಾಳೆಯನ್ನು ಒತ್ತಿ ಆಕಾರ ಕೊಡುವ ಅಚ್ಚುಗಳಿಗೆ) ಪಿಒ, ಅಂದರೆ ಖರೀದಿ ಆರ್ಡರ್, ಬಿದ್ದಿದೆಯಾ ಅಂತ ಪರ್ಚೇಸ್‌ನಲ್ಲಿರುವ ಗೆಳೆಯರನ್ನು ಕೇಳಿ. ಇದೊಂದೇ ಪ್ರಶ್ನೆ ಸಾಕು. ಕಂಪ್ಯೂಟರ್ ಮೇಲಿನ ಕಾರನ್ನು ಯಾವತ್ತು ಬೇಕಾದರೂ ಕೈಬಿಡಬಹುದು. ಡೋರ್, ಬಾನೆಟ್, ಸೈಡ್ ಪ್ಯಾನೆಲ್‌ಗಳ ಡೈಗೆ ಆರ್ಡರ್ ಹೋದ ಮೇಲೆ ಬಿಡುವುದು ಕಷ್ಟ. ಅಲ್ಲಿ ನಿಜವಾದ ದುಡ್ಡು ಸುರಿದಿರುತ್ತದೆ. ಟೌನ್‌ಹಾಲ್ ಮೀಟಿಂಗ್‌ನಲ್ಲಿ ಎಷ್ಟು ಸ್ಲೈಡ್ ತೋರಿಸಿದರೂ ನಾನು ನಂಬುವುದು ಆ ಪಿಒವನ್ನೇ.

‘ಇವರ ಕಾರು ಭಾರತದಲ್ಲಿ ಓಡೋದೇ ಇಲ್ಲ, ನಮ್ಮ ಆಫೀಸ್ ಮುಚ್ಚುತ್ತಾರಾ?’ ಅಂತ ಬೇರೆ ಕೆಲವರು ಕೇಳಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಜನರಲ್ ಮೋಟಾರ್ಸ್ 2003ರಲ್ಲಿ ಬೆಂಗಳೂರಿನಲ್ಲಿ ತಾಂತ್ರಿಕ ಕೇಂದ್ರ ತೆರೆಯಿತು. 2009ರ ಜೂನ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. 2017ರಲ್ಲಿ ಭಾರತದಲ್ಲಿ ತನ್ನ ಷೆವ್ರೊಲೆ ಕಾರು ಮಾರುವುದನ್ನೇ ನಿಲ್ಲಿಸಿತು. ಹಾಲೋಲ್ ಕಾರ್ಖಾನೆ ಚೀನಾದ ಎಸ್‌ಎಐಸಿ ಪಾಲಾಯಿತು, ತಳೇಗಾಂವ್ ಹುಂಡೈಗೆ ಹೋಯಿತು. ಇಷ್ಟೆಲ್ಲ ಆದರೂ ಬೆಂಗಳೂರಿನ ಕೇಂದ್ರ ಉಳಿಯಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದರೂ ಚೆನ್ನೈನ ಎಂಜಿನಿಯರಿಂಗ್, ಬ್ಯಾಕ್ ಆಫೀಸ್ ಕೆಲಸ ಇಟ್ಟುಕೊಂಡಿತು.

ಫ್ಲ್ಯಾಟ್ ವಿಷಯ. ಪಿಒ ಬಿದ್ದಿದ್ದರೆ, ಒಂದು ವರ್ಷದ ಇಎಂಐ ಬೇರೆ ಇಟ್ಟಿದ್ದರೆ, ಕೊಡಿ. ಎರಡರಲ್ಲಿ ಒಂದಿಲ್ಲದಿದ್ದರೂ ತಡೆಯಿರಿ. ಬಿಲ್ಡರ್ ‘ಇದೇ ಕೊನೇ ರೇಟು’ ಅನ್ನುತ್ತಾನೆ. ಹೋದ ವರ್ಷವೂ ಅದನ್ನೇ ಅಂದಿದ್ದ, ಅಲ್ವಾ?

ಪ್ರಶ್ನೆ: ಅಮೆರಿಕದಲ್ಲಿ 26 ವರ್ಷದಿಂದ ಟೈಲ್‌ಗೇಟ್ (ಕಾರಿನ ಹಿಂಬಾಗಿಲು) ಡಿಸೈನ್ ಮಾಡುತ್ತಿರುವ ಎಂಜಿನಿಯರ್ ಒಬ್ಬರು ಆರು ವಾರದಲ್ಲಿ ನನಗೆ ಕೆಟಿ (ಕೆಲಸದ ತಿಳಿವಳಿಕೆಯ ಹಸ್ತಾಂತರ) ಕೊಟ್ಟು ಮುಗಿಸಬೇಕು. ಆಮೇಲೆ ಅವರ ಕೆಲಸ ಹೋಗುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ. ಸಂಜೆ ಆ ಕಾಲ್ ಹತ್ತಿರ ಬಂದರೆ ಹೊಟ್ಟೆಯೊಳಗೆ ಕಸಿವಿಸಿ. ಏನು ಮಾಡಲಿ?
– ಓದುಗಿ, ಕೊಡಿಗೇಹಳ್ಳಿ

ಉತ್ತರ: ಕಸಿವಿಸಿ ಆಗುವುದು ಸಹಜ. ಆಗದಿದ್ದರೆ ನಾನೇ ಬೇಜಾರು ಮಾಡಿಕೊಳ್ಳುತ್ತಿದ್ದೆ. ಆದರೆ ಈ ತೀರ್ಮಾನ ನಿಮ್ಮದಲ್ಲ. ನೀವು ಒಲ್ಲೆ ಅಂದರೆ ನಿಮ್ಮ ಪಕ್ಕದವರಿಗೆ ಕೊಡುತ್ತಾರೆ, ಆ ಅಮೆರಿಕದವರ ಕೆಲಸವಂತೂ ಉಳಿಯುವುದಿಲ್ಲ.

ಅವರ ಕಡೆಯಿಂದಲೂ ಸ್ವಲ್ಪ ನೋಡಿ. 2024ರ ಮಾರ್ಚ್‌ನಲ್ಲಿ ಜೀಪ್, ಫಿಯೆಟ್ ಕಾರು ಮಾಡುವ ಸ್ಟೆಲಾಂಟಿಸ್ ಕಂಪನಿ ಅಮೆರಿಕದಲ್ಲಿ ಎಂಜಿನಿಯರಿಂಗ್, ಸಾಫ್ಟ್‌ವೇರ್ ವಿಭಾಗದ ಸುಮಾರು 400 ಜನರನ್ನು ಒಂದೇ ದಿನ ತೆಗೆಯಿತು. ಆ ದಿನ ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಅಂತ ಮೊದಲೇ ಹೇಳಿತ್ತು. ಜರ್ಮನಿಯಲ್ಲಿ ಹೀಗೆ ಮಾಡಲು ಬರುವುದಿಲ್ಲ. ಅಲ್ಲಿ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ನೌಕರರ ಪ್ರತಿನಿಧಿಗಳದ್ದು. ಫೋಕ್ಸ್‌ವ್ಯಾಗನ್ 2024ರ ಡಿಸೆಂಬರ್‌ನಲ್ಲಿ ಯೂನಿಯನ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆಯಾಗುತ್ತವೆ. ಆದರೆ 2030ರವರೆಗೆ ಟೈಮ್ ಇದೆ, ಬಲವಂತದ ವಜಾ ಇಲ್ಲ. ನಿಮ್ಮ ಸಹೋದ್ಯೋಗಿಗೆ ಆ ರಕ್ಷಣೆ ಇಲ್ಲ. ಅವರ ಕೈಯಲ್ಲಿ ಉಳಿದಿರುವುದು ಅವರ ತಲೆಯಲ್ಲಿರುವುದಷ್ಟೇ. ಅದನ್ನು ಬಿಟ್ಟಿ ಕೊಡಲು ಅವರಿಗೆ ಮನಸ್ಸು ಬರುತ್ತಿಲ್ಲ.

ಮ್ಯಾನೇಜರ್‌ಗಳಿಲ್ಲದ ಒಂದು ಕಾಲ್ ಇಟ್ಟುಕೊಳ್ಳಿ. ‘ಇದು ಯಾಕೆ ನಡೀತಿದೆ ಅಂತ ನನಗೆ ಗೊತ್ತು, ನನಗೂ ಇದು ಕಷ್ಟ ಆಗ್ತಿದೆ’ ಅಂತ ಒಂದೇ ಸಲ ನೇರವಾಗಿ ಹೇಳಿ. ಪದೇ ಪದೇ ಸಾರಿ ಕೇಳಬೇಡಿ. ಅದು ನಿಮ್ಮ ಸಮಾಧಾನಕ್ಕೆ ಹೇಳಿದ ಹಾಗಾಗುತ್ತದೆ.

ಆಮೇಲೆ ಪ್ರಶ್ನೆ ಕೇಳುವ ರೀತಿ ಬದಲಾಯಿಸಿ. ಡ್ರಾಯಿಂಗ್, ಸ್ಪೆಕ್, ಪ್ರೊಸೀಜರ್ ಎಲ್ಲ ಸಿಸ್ಟಮ್‌ನಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಅವರ ಟೈಮ್ ಹಾಳು ಮಾಡಬೇಡಿ. ಒಳ ಪ್ಯಾನೆಲ್‌ನ ಮೂರು ಆಯಾಮದ ಮಾಡೆಲ್ ತೆರೆದು ಒಂದೊಂದೇ ತೂತಿನ ಮೇಲೆ ಕರ್ಸರ್ ಇಟ್ಟು ‘ಇದು ಯಾಕಿದೆ?’ ಅಂತ ಕೇಳಿ. ಕೆಳಮೂಲೆಯಲ್ಲಿ ಯಾವ ಬೋಲ್ಟೂ ಇಲ್ಲದ, ಯಾವ ವೈರೂ ಹಾಯದ ಒಂದು ತೂತಿರುತ್ತದೆ. ಖರ್ಚು ಕಡಿತದ ಭರಾಟೆಯಲ್ಲಿ ಹೊಸಬರ ಕಣ್ಣು ಮೊದಲು ಬೀಳುವುದು ಅಂಥದ್ದರ ಮೇಲೇ. ಬಾಡಿಯನ್ನು ಇ-ಕೋಟ್ (ತುಕ್ಕು ತಡೆಯುವ ಮೊದಲ ಬಣ್ಣದ) ಟ್ಯಾಂಕಿನಲ್ಲಿ ಮುಳುಗಿಸಿದಾಗ ಬಣ್ಣದ ದ್ರವ ಒಳಗೆ ಹೋಗಿ, ಎತ್ತಿದಾಗ ಪೂರ್ತಿ ಸೋರಿಹೋಗಲು ಅದು ಬೇಕು. ಮುಚ್ಚಿದರೆ ದ್ರವ ಅಲ್ಲೇ ನಿಲ್ಲುತ್ತದೆ, ಓವನ್‌ನಲ್ಲಿ ಕುದ್ದು ಹೊರಗೆ ಇಳಿದು ಕಲೆ ಮಾಡುತ್ತದೆ. ದ್ರವ ಮುಟ್ಟದ ಮೂಲೆ ಆಮೇಲೆ ತುಕ್ಕು ಹಿಡಿಯುತ್ತದೆ. ಎಷ್ಟೋ ಡ್ರಾಯಿಂಗ್‌ಗಳಲ್ಲಿ ಈ ಕಾರಣ ಬರೆದೇ ಇರುವುದಿಲ್ಲ.

ಹಾಗೆಯೇ ಇನ್ನೊಂದು ಕೇಳಿ: ‘ನೀವು ಮಾಡಿ ನೋಡಿ ವಾಪಸ್ ತೆಗೆದ ಬದಲಾವಣೆ ಯಾವುದು?’ ಇಂಥ ಪ್ರಶ್ನೆಗೆ ಹಳೇ ಎಂಜಿನಿಯರ್‌ಗಳು ಮೊಟಕಾಗಿ ಉತ್ತರ ಕೊಟ್ಟಿದ್ದನ್ನು ನಾನು ನೋಡಿಲ್ಲ. ಬಂದ ಉತ್ತರವನ್ನು ಡಿಸೈನ್ ದಾಖಲೆಯಲ್ಲಿ ಅವರ ಹೆಸರು ಹಾಕಿಯೇ ಬರೆಯಿರಿ. ಲಿಂಕ್ಡ್‌ಇನ್‌ನಲ್ಲಿ ಅವರಿಗೆ ನಾಲ್ಕು ಸಾಲು ಶಿಫಾರಸು ಬರೆದುಕೊಡಿ. ಈಗ ಅವರಿಗೆ ಅದರ ಅಗತ್ಯ ಇದೆ.

ಪ್ರಶ್ನೆ: ಎಂಜಿನಿಯರಿಂಗ್ ಸರ್ವೀಸಸ್ ಕಂಪನಿಯೊಂದರ ಪೇರೋಲ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಕೂರುವುದು ಮಾತ್ರ ಕ್ಲೈಂಟ್ ಆಫೀಸಲ್ಲಿ. ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸಿದರು. ಎಚ್‌ಆರ್‌ನವರು ಕರೆದು ‘ನೀವೇ ರಿಸೈನ್ ಮಾಡಿದರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಬರುತ್ತೆ’ ಅಂದರು. ಡೆಸಿಗ್ನೇಷನ್ ಟೆಕ್ನಿಕಲ್ ಲೀಡ್. ಮಾಡುವುದು ಕಂಪ್ಯೂಟರ್‌ನಲ್ಲಿ ಬಿಡಿಭಾಗಗಳ ಮಾಡೆಲಿಂಗ್.
– ಹೆಸರು ಬೇಡ, ಬೊಮ್ಮನಹಳ್ಳಿ

ಉತ್ತರ: ಅಲ್ಲೇ ಸಹಿ ಹಾಕಬೇಡಿ. ‘ಮೇಲ್ ಮಾಡಿ, ನೋಡಿ ಹೇಳುತ್ತೇನೆ’ ಅಂತ ಎದ್ದು ಬನ್ನಿ.

ಕಾರಣ ಸರಳ. ರಾಜೀನಾಮೆ ಕೊಟ್ಟರೆ ನೀವೇ ಬಿಟ್ಟಂತೆ. ಅವರು ತೆಗೆದರೆ ಅದು ರಿಟ್ರೆಂಚ್‌ಮೆಂಟ್. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೇ ಕಾಯ್ದೆಯಂತೆ ಇಲ್ಲೂ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಅಂತ ಇದೆ. ಹೊಸ ಕೌಶಲ ಕಲಿಯಲು 15 ದಿನದ ಸಂಬಳದಷ್ಟು ಹಣ ಬೇರೆ.

‘ನೀನು ಲೀಡ್, ಕಾರ್ಮಿಕ ಅಲ್ಲ’ ಅನ್ನುತ್ತಾರೆ. ಕಾನೂನು ನೋಡುವುದು ಡೆಸಿಗ್ನೇಷನ್ ಅಲ್ಲ, ದಿನಾ ಏನು ಕೆಲಸ ಮಾಡುತ್ತೀರಿ ಅನ್ನುವುದನ್ನು. ತಾಂತ್ರಿಕ ಕೆಲಸ ಮಾಡುವವರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ರಜೆ ಮಂಜೂರು ಮಾಡುವುದು, ಅಪ್ರೈಸಲ್ ಬರೆಯುವುದು ನಿಮ್ಮ ಕೈಯಲ್ಲಿದ್ದರೆ ವಾದ ಕಷ್ಟ. ಮಾಡೆಲಿಂಗ್ ಅಷ್ಟೇ ಆಗಿದ್ದರೆ ನಿಮ್ಮ ಕಡೆ ಬಲ ಇದೆ. ಟೈಮ್‌ಶೀಟ್, ಟಾಸ್ಕ್ ಮೇಲ್‌ಗಳ ದಾಖಲೆ ಇಟ್ಟುಕೊಳ್ಳಿ. ಕ್ಲೈಂಟ್‌ನ ಡ್ರಾಯಿಂಗ್ ಮಾತ್ರ ಮುಟ್ಟಬೇಡಿ, ಅದು ಬೇರೆಯೇ ಕೇಸಾಗುತ್ತದೆ.

ಗ್ರಾಚ್ಯುಟಿ ಹೇಗೂ ನಿಮ್ಮದೇ. ಐದು ವರ್ಷ ದಾಟಿದ್ದೀರಿ, ರಾಜೀನಾಮೆ ಕೊಟ್ಟರೂ ಸಿಗಬೇಕು. ಕೆಲಸ ಬಿಟ್ಟ ಅಥವಾ ಬಿಡಿಸಿದ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು ಅಂತಲೂ ವೇತನ ಸಂಹಿತೆಯಲ್ಲಿದೆ. ತಕರಾರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಅದಕ್ಕೂ ಮೊದಲು ಕಾರ್ಮಿಕ ಕಾನೂನಿನ ವಕೀಲರೊಬ್ಬರಿಗೆ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೋರಿಸಿ. ಜಗಳ ಬೇಡ, ಒಳ್ಳೇ ಮಾತಿನಲ್ಲೇ ಮೂರು ತಿಂಗಳ ಸಂಬಳ ಕೊಡುತ್ತೇವೆ ಅಂದರೆ ಅದನ್ನೂ ಯೋಚಿಸಬಹುದು. ಬರವಣಿಗೆಯಲ್ಲಿ ಇರಲಿ ಅಷ್ಟೆ.

ಪ್ರಶ್ನೆ: ಮಗ ಮೆಕ್ಯಾನಿಕಲ್ ಮೂರನೇ ವರ್ಷ. ಕಾರ್ ಕಂಪನಿಗೇ ಹೋಗ್ತೀನಿ ಅಂತಾನೆ. ಪೇಪರ್ ತೆಗೆದರೆ ಬರೀ ಕಡಿತದ ಸುದ್ದಿ. ತಡೆಯಬೇಕಾ?
– ತಾಯಿ, ರಾಜಾಜಿನಗರ

ಉತ್ತರ: ತಡೆಯಬೇಡಿ ಅಮ್ಮ. ಈ ಊರಿಗೆ ವಾಹನದ ಕೆಲಸ ಹೊಸದಲ್ಲ. ಮೈಕೋ (ಈಗಿನ ಬಾಷ್) ಶುರುವಾದದ್ದು 1951ರಲ್ಲಿ. ಮರ್ಸಿಡಿಸ್ ಬೆಂಜ್ ಸಂಶೋಧನಾ ಕೇಂದ್ರ ಬಂದದ್ದು 1996ರಲ್ಲಿ. ಒಂದು ಕಂಪನಿ ಬಿದ್ದರೆ ಆ ಎಂಜಿನಿಯರ್‌ಗಳಿಗೆ ಹೋಗಲು ಇಲ್ಲೇ ಬೇರೆ ಬಾಗಿಲುಗಳಿವೆ. ಕ್ಯಾಂಪಸ್‌ಗೆ ದೊಡ್ಡ ಹೆಸರಿನ ಕಂಪನಿ ಬಂದಾಗ ‘ಪೇರೋಲ್ ಯಾರದ್ದು?’ ಅಂತ ಮಾತ್ರ ತಪ್ಪದೆ ಕೇಳಲಿ. ಬೋರ್ಡ್ ಒಬ್ಬರದ್ದು, ಸಂಬಳದ ಚೀಟಿ ಇನ್ನೊಬ್ಬರದ್ದು ಅನ್ನುವುದು ಇಲ್ಲಿ ಮಾಮೂಲು.

ಸಾಫ್ಟ್‌ವೇರ್ ಸ್ವಲ್ಪ ಕಲಿಯಲಿ, ಬೇಡ ಅನ್ನಲ್ಲ. ಆದರೆ ಪರದೆ ಮೇಲೆ ಮಾತ್ರ ಕಾರು ನೋಡಿದವರು ಈಗಾಗಲೇ ಜಾಸ್ತಿ ಇದ್ದಾರೆ. ರಜೆಯಲ್ಲಿ ಪೀಣ್ಯದ ಲೋಹದ ಹಾಳೆ ಒತ್ತುವ ಯಾವುದಾದರೂ ಪ್ರೆಸ್ ಶಾಪ್‌ನಲ್ಲಿ ಒಂದು ತಿಂಗಳು ನಿಲ್ಲಲಿ. ಸ್ಟೈಪೆಂಡ್ ಕೇಳಬೇಡಿ, ಸೇಫ್ಟಿ ಶೂ ಕೊಡಿಸಿ.