ಮೊದಲ ಪುಟದಿಂದ ಶುರು ಮಾಡಬೇಡಿ

ಮಾನಸಗಂಗೋತ್ರಿಯಲ್ಲಿ ಎಂ.ಎ.ಗೆ ಸೇರಿದ್ದೀರಿ, ಅಂತರರಾಷ್ಟ್ರೀಯ ಕಾನೂನಿನ ದಪ್ಪ ಪುಸ್ತಕಗಳು ತಲೆಗೆ ಹತ್ತುತ್ತಿಲ್ಲ, ಎಲ್ಲಿಂದ ಹಿಡಿಯಲಿ ಎಂದು ಕೇಳಿದ್ದೀರಿ. ಊರು ಮಂಡ್ಯ ಎಂದೂ ಬರೆದಿದ್ದೀರಿ. ಹಾಗಾದರೆ ನೀರಿನಿಂದಲೇ ಹಿಡಿಯಿರಿ.

ಪುಸ್ತಕದ ಹಿಂದಿರುವ ಪದಸೂಚಿ ತೆರೆದು ನದಿಗಳ ಭಾಗಕ್ಕೆ ನೇರವಾಗಿ ಹೋಗಿ. ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಹರಿಯುವ ನದಿಗಳ ನೀರನ್ನು ಹೇಗೆ ಬಳಸಬೇಕೆಂದು ಹೇಳುವ 1966ರ ಹೆಲ್ಸಿಂಕಿ ನಿಯಮಗಳು, 1997ರ ವಿಶ್ವಸಂಸ್ಥೆಯ ಜಲಮಾರ್ಗ ಒಪ್ಪಂದ ಅಲ್ಲಿ ಸಿಗುತ್ತವೆ. ಒಪ್ಪಂದದ 5ನೇ ವಿಧಿ ನೀರನ್ನು ನ್ಯಾಯಯುತವಾಗಿ ಬಳಸಿ ಎನ್ನುತ್ತದೆ. 7ನೇ ವಿಧಿ ಇನ್ನೊಬ್ಬರಿಗೆ ಗಣನೀಯ ಹಾನಿ ಮಾಡಬೇಡಿ ಎನ್ನುತ್ತದೆ. ಇವೆರಡರ ತಿಕ್ಕಾಟ ನಿಮಗೆ ಹೊಸದಲ್ಲ. ವಿಶ್ವೇಶ್ವರಯ್ಯ ನಾಲೆಯ ಮೇಲುಭಾಗದವರು ತೂಬು ಎತ್ತಿಕೊಂಡರೆ ಕೊನೆಯ ಭಾಗದವರ ಗದ್ದೆ ಬಿರುಕು ಬಿಡುತ್ತದಲ್ಲ, ಅದೇ ಜಗಳ. ಆ ಒಪ್ಪಂದದ ಮತದಾನದಲ್ಲಿ ಭಾರತ ತಟಸ್ಥವಾಗಿ ಉಳಿಯಿತು. ಏಕಿರಬಹುದು ಎಂದು ಯೋಚಿಸುತ್ತಾ ಓದಿ, ನಿದ್ದೆ ಬರುವುದಿಲ್ಲ.

ಆಮೇಲೆ ಸುಪ್ರೀಂ ಕೋರ್ಟಿನ 2018ರ ಕಾವೇರಿ ತೀರ್ಪು. ಇದನ್ನು ಖಂಡಿತ ಬಿಡಬೇಡಿ. ಕಾವೇರಿ ಎರಡು ದೇಶಗಳ ನದಿಯಲ್ಲ, ಆದರೂ ಹೆಲ್ಸಿಂಕಿ ನಿಯಮಗಳ ನ್ಯಾಯಯುತ ಹಂಚಿಕೆಯ ತತ್ವ ಅಲ್ಲಿ ಕೆಲಸ ಮಾಡಿದೆ. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗಾಗಿ. ಪುಸ್ತಕದ ಒಣ ವಾಕ್ಯ ಇಲ್ಲಿ ಜನರ ಬಿಂದಿಗೆಗೆ ಬಂದು ನಿಲ್ಲುತ್ತದೆ.

ಸಿದ್ಧಾಂತಕ್ಕೆ ಸದ್ಯ ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸ ಹೆಡ್ಲಿ ಬುಲ್ ಅವರ ‘ದಿ ಅನಾರ್ಕಿಕಲ್ ಸೊಸೈಟಿ’ (1977) ಸಾಕು. ಮೇಲೊಬ್ಬ ಆಳುವವನಿಲ್ಲದಿದ್ದರೂ ರಾಷ್ಟ್ರಗಳ ನಡುವೆ ವ್ಯವಸ್ಥೆ ಹೇಗೆ ಉಳಿಯುತ್ತದೆ ಎಂಬುದೇ ಅದರ ಪ್ರಶ್ನೆ. ದಿನಕ್ಕೆ ಹತ್ತು ಪುಟ ಓದಿ, ಸಾರವನ್ನು ಕನ್ನಡದಲ್ಲೇ ನೋಟ್‌ಬುಕ್ಕಿಗೆ ಬರೆಯಿರಿ. ತೀರ್ಪಿನಲ್ಲಿ ಎಲ್ಲಾದರೂ ತೊಡಕಾದರೆ ಪ್ಯಾರಾ ಸಂಖ್ಯೆ ಹಾಕಿ ಇಲ್ಲಿಯೇ ಕೇಳಿ.