ನಿಂತು ಉಣ್ಣುತ್ತಿದ್ದ ಅಕ್ಕೋರು

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ತಾಯಿ ಮತ್ತು ಮಗ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ಊರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬದಲಿಸಿ ಇನ್ನೊಂದು ಹೆಸರಿಡುವುದಕ್ಕಿಂತ, ನಮ್ಮ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯರನ್ನು ಊರವರೆಲ್ಲ ಕರೆಯುವ ಹಾಗೆ ನಾನೂ ಅವರನ್ನು ಅಕ್ಕೋರು ಎಂದೇ ಕರೆಯುತ್ತೇನೆ.

ಅಕ್ಕೋರಿಗೆ ಐವತ್ತರ ಆಸುಪಾಸು. ಕಾಳಿ ನದಿಯ ಆಚೆ ದಡದ ಹಳ್ಳಿಯಿಂದ ಮಗನೊಂದಿಗೆ ಕಾರವಾರದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದರು. ಅವರ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಳತೆ, ಶೇಕಡಾ 6.2 ಬಂದಿತ್ತು. 5.7ರಿಂದ 6.4ರವರೆಗಿನದನ್ನು ಮಧುಮೇಹದ ಹೊಸ್ತಿಲು ಎಂದು ವೈದ್ಯರು ಪರಿಗಣಿಸುತ್ತಾರೆ. ರಕ್ತದೊತ್ತಡವೂ ಸ್ವಲ್ಪ ಹೆಚ್ಚೇ ಇತ್ತು. ಮಾತ್ರೆಯ ಅವಸರವಿಲ್ಲ, ಊಟ ಮತ್ತು ನಡಿಗೆ ಸರಿಮಾಡಿಕೊಳ್ಳಿ ಎಂದ ವೈದ್ಯರು, ಊಟದ ಮಾತು ತೆಗೆದ ಕೂಡಲೇ ಅವರು ಅತ್ತುಬಿಟ್ಟದ್ದನ್ನು ಕಂಡು ನನ್ನಲ್ಲಿಗೆ ಕಳುಹಿಸಿದ್ದರು.

ಮೊದಲು ಮಾತಾಡಿದ್ದು ಮಗ. "ಮೇಡಂ, ಆಯಿ ರಾತ್ರಿ ಕದ್ದು ತಿಂತಾಳೆ" ಎಂದ. ಅಕ್ಕೋರು ತೊಡೆಯ ಮೇಲಿದ್ದ ಚೀಲದ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಿದ್ದರು. ತನ್ನ ಸಂಬಳದಲ್ಲಿ ನಡೆಯುವ ಮನೆಯಲ್ಲಿ, ತಾನೇ ತಂದಿಟ್ಟ ತಿಂಡಿಯನ್ನು ತಾನು ತಿಂದರೆ ಅದು ಕದಿಯುವುದು ಹೇಗಾಗುತ್ತದೆ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೊದಲ ಭೇಟಿಯಲ್ಲೇ ಮಗನನ್ನು ಎದುರು ಪಕ್ಷದಲ್ಲಿ ಕೂರಿಸುವುದು ಬೇಡವೆಂದು ನುಂಗಿಕೊಂಡೆ.

ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ ಮಗ ಫೆಬ್ರವರಿಯಲ್ಲಿ ವಿದ್ಯುತ್ ಗ್ರಿಲ್ ಒಂದನ್ನು ತರಿಸಿದ್ದ. ಅಂದಿನಿಂದ ಮನೆಯಲ್ಲಿ ರವೆ ಹಚ್ಚಿ ಕರಿದ ಬಂಗಡೆ ಬಂದ್ ಆಯಿತು. ರಾತ್ರಿ ಊಟವೆಂದರೆ ಬಿದಿರಿನ ಕಡ್ಡಿಗೆ ಪೋಣಿಸಿ ಸುಟ್ಟ ಕೋಳಿಯ ಎದೆಯ ತುಂಡು, ಪನೀರ್ ಮತ್ತು ಡೊಣ್ಣ ಮೆಣಸು ಮಾತ್ರ; ಅನ್ನ ಇಲ್ಲ, ಸಾರು ಇಲ್ಲ. ಅಕ್ಕೋರು ಅದನ್ನು ಐದಾರು ನಿಮಿಷಗಳಲ್ಲಿ ಮುಗಿಸಿ ತಟ್ಟೆ ತೊಳೆದಿಡುತ್ತಿದ್ದರು. ಹನ್ನೊಂದು ಗಂಟೆಗೆ, ಮಗನ ಕೋಣೆಯ ದೀಪ ಆರಿದ ಮೇಲೆ, ಸ್ಟೀಲ್ ಡಬ್ಬಿಯ ಮುಚ್ಚಳ ಸದ್ದು ಮಾಡದಂತೆ ಅದರ ಮೇಲೆ ಕೈವಸ್ತ್ರ ಒತ್ತಿ ಹಿಡಿದು ತೆಗೆದು, ಬೇಕರಿಯ ಖಾರಿ ಬಿಸ್ಕತ್ತನ್ನೋ ಅವಲಕ್ಕಿ ಚಿವಡಾವನ್ನೋ ಕತ್ತಲಲ್ಲೇ ತಿನ್ನುತ್ತಿದ್ದರು. ಈ ಕೈವಸ್ತ್ರದ ವಿಷಯವನ್ನು ಅವರು ಹೇಳಿದ್ದು ಎರಡನೆಯ ಭೇಟಿಯಲ್ಲಿ, ಮಗ ಹೊರಗೆ ಕೂತಿದ್ದಾಗ.

ಇದಕ್ಕೆ ಕಾಯಿಲೆಯ ಹೆಸರು ಕೊಡಬೇಕೆ ಎಂಬುದನ್ನು ಮೊದಲು ನೋಡಬೇಕಿತ್ತು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯು ಹಿಡಿತ ತಪ್ಪಿ ಅತಿಯಾಗಿ ತಿನ್ನುವುದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದೆ. ಅದಕ್ಕೆ ಅಲ್ಪ ಅವಧಿಯಲ್ಲಿ ಬೇರೆಯವರು ತಿನ್ನುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು ತಿನ್ನುವುದು, ನಿಲ್ಲಿಸಲಾಗದ ಭಾವ, ವಾರಕ್ಕೊಮ್ಮೆಯಾದರೂ ಹೀಗೆ ಮೂರು ತಿಂಗಳು ನಡೆದಿರುವುದು ಮುಂತಾದ ಲಕ್ಷಣಗಳಿರಬೇಕು. ಅಕ್ಕೋರು ತಿನ್ನುತ್ತಿದ್ದದ್ದು ನಾಲ್ಕು ಖಾರಿ, ಒಂದು ಹಿಡಿ ಚಿವಡಾ. ಹಸಿವಾಗುತ್ತಿತ್ತು, ತಿನ್ನುತ್ತಿದ್ದರು. ಅಷ್ಟಕ್ಕೆ ಕಾಯಿಲೆಯ ಚೀಟಿ ಅಂಟಿಸುವುದು ನನಗೆ ಸರಿಕಾಣಲಿಲ್ಲ.

ಇಲ್ಲಿ ನನ್ನದೊಂದು ತಪ್ಪಾಯಿತು. ದಿನವೂ ತಿಂದದ್ದನ್ನೆಲ್ಲ ಬರೆದಿಡಿ ಎಂದು ರೂಢಿಯ ಸಲಹೆ ಕೊಟ್ಟೆ. ಮುಂದಿನ ವಾರ ಅವರು ತಂದ ನೋಟುಬುಕ್ಕಿನಲ್ಲಿ ಗೆರೆ ಹೊಡೆದು ಕಾಲಂ ಮಾಡಿ, ತಿಂದದ್ದನ್ನು ನೀಲಿ ಶಾಯಿಯಲ್ಲಿ ಬರೆದು, ಖಾರಿ ಎಂದಿದ್ದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿದ್ದರು. ಎರಡು ದಶಕಕ್ಕೂ ಮೀರಿ ಮಕ್ಕಳ ನೋಟುಬುಕ್ಕು ತಿದ್ದಿದ ಕೈಗೆ ಖಾಲಿ ಪುಸ್ತಕ ಕೊಟ್ಟರೆ ಅದು ತನ್ನನ್ನೇ ತಿದ್ದತೊಡಗುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು. ಕಾಲಂಗಳನ್ನು ಬದಲಿಸಿದೆವು. ಏನು ತಿಂದಿರಿ ಎಂಬುದು ಬೇಡ. ಎಲ್ಲಿ, ಯಾರ ಜೊತೆ, ಕೂತೋ ನಿಂತೋ, ಹಸಿವು ಒಂದರಿಂದ ಐದರಲ್ಲಿ ಎಷ್ಟು ಎಂಬುದಷ್ಟೇ ಸಾಕು.

ಪ್ರಕರಣ ಬಿಚ್ಚಿಕೊಂಡದ್ದು ಆ ಕಾಲಂನಲ್ಲಿ. ಎಂಟು ದಿನದ ಬರಹದಲ್ಲಿ "ಕೂತು" ಎಂಬ ಪದ ಒಂದೇ ಒಂದು ಕಡೆ ಇತ್ತು, ಅದೂ ಬಸ್ಸಿನಲ್ಲಿ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಒಲೆಯ ಕಟ್ಟೆಗೆ ಒರಗಿ ಅರ್ಧ ದೋಸೆ. ಮಧ್ಯಾಹ್ನ ಶಾಲೆಯ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ರುಚಿ ನೋಡಿ, ಬಡಿಸುವುದನ್ನು ನೋಡಿಕೊಳ್ಳುತ್ತ ಅಲ್ಲೇ ನಾಲ್ಕು ತುತ್ತು. ರಾತ್ರಿ ಗ್ರಿಲ್ಲಿನ ಪಕ್ಕ ನಿಂತು ಕಡ್ಡಿಯಿಂದಲೇ. ಗಂಡ ಇದ್ದಾಗ ಅವರಿಗೂ ಮಗನಿಗೂ ಬಡಿಸಿ, ಆಮೇಲೆ ಪಾತ್ರೆ ಖಾಲಿ ಮಾಡುತ್ತ ಉಣ್ಣುವುದು ರೂಢಿಯಾಗಿತ್ತು. ನಾಲ್ಕು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಬಡಿಸುವ ಕೆಲಸ ಹೋಯಿತು, ನಿಂತುಕೊಳ್ಳುವುದು ಉಳಿಯಿತು. ಹೊಟ್ಟೆ ತುಂಬಿದೆ ಎಂಬ ಸೂಚನೆ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕೆನ್ನುತ್ತಾರೆ. ಆರು ನಿಮಿಷದ ಊಟದಲ್ಲಿ ಆ ಸೂಚನೆ ಹೊರಡುವಷ್ಟರಲ್ಲಿ ತಟ್ಟೆ ಗೋಡೆಯ ಸ್ಟ್ಯಾಂಡಿಗೆ ಏರಿರುತ್ತಿತ್ತು.

ಗಮನವಿಟ್ಟು ತಿನ್ನುವ ಅಭ್ಯಾಸವನ್ನು ಆಸ್ಪತ್ರೆಯ ವಾತಾವರಣಕ್ಕೆ ತಂದವರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಪ್ರಮುಖರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಆರಂಭಿಸಿದ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನಿಸುತ್ತಾರೆ. ಸಕ್ಕರೆಯ ಭಯದಲ್ಲಿದ್ದವರ ಕೈಗೆ ದ್ರಾಕ್ಷಿ ಕೊಡಲು ಮನಸ್ಸಾಗದೆ, ನಾನು ಒಣಗಿದ ಮುರುಗಲು (ಕೋಕಮ್, ಇಲ್ಲಿಯವರ ಮಾತಿನಲ್ಲಿ ಸೋಲ) ಸಿಪ್ಪೆಯ ಸಣ್ಣ ಚೂರು ಕೊಟ್ಟೆ. "ಸೋಲ ಸಾರಿಗೆ ಹಾಕುವುದಲ್ಲವಾ ಮೇಡಂ, ಇದನ್ನೇನು ತಿನ್ನುವುದು?" ಎಂದು ನಕ್ಕರು. ಬಾಯಿಗಿಟ್ಟ ಕೂಡಲೇ ಎರಡೂ ದವಡೆಯಲ್ಲಿ ನೀರೂರಿ ಕಣ್ಣು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಹೇಳಿದ್ದು ರುಚಿಯ ಬಗ್ಗೆ ಅಲ್ಲ: ಮಳೆಗಾಲದಲ್ಲಿ ತಮ್ಮ ಅಜ್ಜಿ ಕೆಂಡದ ಮೇಲೆ ಒಣ ಬಂಗಡೆ ಸುಟ್ಟು, ತೆಂಗಿನೆಣ್ಣೆಯ ನಾಲ್ಕು ಹನಿ ಬಿಟ್ಟು, ಕುಚ್ಚಲಕ್ಕಿ ಗಂಜಿಯ ಜೊತೆ ಎಲ್ಲ ಮಕ್ಕಳನ್ನೂ ಸಾಲಾಗಿ ಕೂರಿಸಿ ಕೊಡುತ್ತಿದ್ದದ್ದು. ಮಗ ಬೆಂಗಳೂರಿನಿಂದ ತಂದ ಹೊಸ ಪದ್ಧತಿ ಎಂದು ಅವರು ದ್ವೇಷಿಸುತ್ತಿದ್ದ ಸುಟ್ಟ ಅಡುಗೆ, ಅವರ ಮನೆಯ ಹಳೆಯ ಅಡುಗೆಯೇ ಆಗಿತ್ತು.

ನಾಲ್ಕನೆಯ ಭೇಟಿಗೆ ಮಗನನ್ನೂ ಒಳಗೆ ಕರೆದೆ. ಗ್ರಿಲ್ ಯಾಕೆ ತಂದೆ ಎಂದು ಕೇಳಿದಾಗ ಅವನು ಕೊಲೆಸ್ಟ್ರಾಲ್, ಪ್ರೋಟೀನ್ ಎಂದೆಲ್ಲ ಹೇಳಿ, ಕೊನೆಗೆ "ಪಪ್ಪಾಗೆ ಹೃದಯಾಘಾತ ಆದಾಗ ನಾನು ಊರಲ್ಲಿ ಇರಲಿಲ್ಲ" ಎಂದ. ಅದುವರೆಗೆ ಅಕ್ಕೋರು ಅವನ ಕಾವಲನ್ನು ಅಧಿಕಾರವೆಂದು ತಿಳಿದಿದ್ದರು. ಹೆದರಿಕೆ ಎಂದು ಗೊತ್ತಾದ ಮೇಲೂ ಅವರಿಗೆ ಕೋಪ ಪೂರ್ತಿ ಇಳಿಯಲಿಲ್ಲ, ಇಳಿಯಬೇಕೆಂದು ನಾನು ಒತ್ತಾಯಿಸಲೂ ಇಲ್ಲ. ಅವನಿಗೆ ಕೊಟ್ಟ ಸಲಹೆ ಒಂದೇ: ಆಯಿಯ ತಟ್ಟೆಯ ಬಗ್ಗೆ ಊಟದ ಹೊತ್ತಿನಲ್ಲಿ ಒಂದು ಮಾತೂ ಆಡಬಾರದು. ಒಳ್ಳೆಯ ಮಾತನ್ನೂ ಆಡಬಾರದು. "ಇವತ್ತು ಚೆನ್ನಾಗಿ ಕಂಟ್ರೋಲ್ ಮಾಡಿದೆ" ಎಂಬುದೂ ಅಂಕ ಕೊಟ್ಟ ಹಾಗೆಯೇ.

ಅಡುಗೆಯ ವಿಷಯದಲ್ಲಿ ಆಹಾರತಜ್ಞೆಯೊಬ್ಬರನ್ನು ಕೇಳಿಕೊಂಡು, ಮೂವರೂ ಕೂತು ಒಂದು ಒಪ್ಪಂದಕ್ಕೆ ಬಂದೆವು. ತಟ್ಟೆಯ ಅರ್ಧ ತರಕಾರಿ, ಕಾಲುಭಾಗ ಕುಚ್ಚಲಕ್ಕಿ ಅನ್ನ, ಉಳಿದ ಕಾಲುಭಾಗ ಕಡ್ಡಿಯಿಂದ ಬಿಡಿಸಿದ ಮೀನು, ಕೋಳಿ ಅಥವಾ ಪನೀರ್. ಅನ್ನ ತಟ್ಟೆಗೆ ಮರಳಿದ್ದೇ ದೊಡ್ಡ ಬದಲಾವಣೆಯಾಯಿತು. ಕರಾವಳಿಯವರಿಗೆ ಅನ್ನವಿಲ್ಲದೆ ಉಂಡ ಲೆಕ್ಕವೇ ಹಿಡಿಯುವುದಿಲ್ಲ, ಆ ಬಾಕಿಯನ್ನು ಖಾರಿ ತೀರಿಸುತ್ತಿತ್ತು. ಕೋಳಿಯ ಎದೆಯ ತುಂಡಿನಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಅದು ಬೇಗ ಒಣಗಿ ನಾರಾಗುತ್ತದೆ. ಮೊಸರು, ಅರಿಶಿನ, ಬೆಳ್ಳುಳ್ಳಿ, ಕಾಳುಮೆಣಸು ಹಚ್ಚಿ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಮೆತ್ತಗಿರುತ್ತದೆ. ಒಳಗೆ ಎಲ್ಲೂ ಗುಲಾಬಿ ಬಣ್ಣ ಉಳಿಯದಂತೆ, ನಡುವಿನ ಶಾಖವೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಬೇಕು. ಸಿಗಡಿಗೆ ಮುರುಗಲು ನೆನೆಸಿದ ನೀರು ಹದಿನೈದು ನಿಮಿಷ ಸಾಕು, ಹೆಚ್ಚಾದರೆ ಹುಳಿಗೆ ಅದು ಗಟ್ಟಿಯಾಗುತ್ತದೆ. ಸುಡುವುದೂ ಒಂದೊಂದು ಮಗ್ಗುಲಿಗೆ ಎರಡು ಮೂರು ನಿಮಿಷ ಮಾತ್ರ. ಬಿದಿರಿನ ಕಡ್ಡಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸದಿದ್ದರೆ ತುದಿ ಹೊತ್ತಿಕೊಳ್ಳುತ್ತದೆ. ಬಂಗಡೆಯನ್ನು ಕಡ್ಡಿಗೆ ಚುಚ್ಚುವ ಸಾಹಸ ಬೇಡ, ಅದರ ಮಾಂಸ ಬಿಟ್ಟುಬರುತ್ತದೆ. ಬಾಳೆಎಲೆಯಲ್ಲಿ ಸುತ್ತಿ ಗ್ರಿಲ್ಲಿನ ಮೇಲೆ ಇಡುವುದೇ ಸರಿ.

ಸುಟ್ಟದ್ದೆಲ್ಲ ಆರೋಗ್ಯ, ಕರಿದದ್ದೆಲ್ಲ ವಿಷ ಎಂಬ ಮಗನ ಲೆಕ್ಕವನ್ನೂ ಸ್ವಲ್ಪ ಸಡಿಲಿಸಬೇಕಾಯಿತು. ಮಾಂಸವನ್ನು ಅತಿ ಶಾಖದಲ್ಲಿ ಕರಕಲಾಗುವಂತೆ ಸುಟ್ಟಾಗ, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಎದ್ದಾಗ, ದೇಹಕ್ಕೆ ಒಳ್ಳೆಯದಲ್ಲದ ಸಂಯುಕ್ತಗಳು ಉಂಟಾಗುತ್ತವೆ. ಮಸಾಲೆಯಲ್ಲಿ ನೆನೆಸುವುದು, ಆಗಾಗ ಮಗುಚುವುದು, ಕಪ್ಪಾದದ್ದನ್ನು ಕೆತ್ತಿ ತೆಗೆಯುವುದು ಅದನ್ನು ಕಡಿಮೆ ಮಾಡುತ್ತದೆ. ಭಾನುವಾರದ ರವೆ ಬಂಗಡೆ ಮನೆಗೆ ಮರಳಿತು. ಮಗ ಎರಡು ತಿಂದ ಎಂದು ಅಕ್ಕೋರು ನನಗೆ ವಿಶೇಷವಾಗಿ ವರದಿ ಮಾಡಿದರು.

ಗಮನವಿಟ್ಟು ಉಣ್ಣುವುದಕ್ಕೆ ಕಡ್ಡಿ ಒಂದು ಸಲಕರಣೆಯಾಗಿ ಒದಗಿದ್ದು ಯೋಚಿಸಿ ಮಾಡಿದ ಉಪಾಯವಲ್ಲ, ತಾನಾಗಿ ಆದದ್ದು. ಎಲ್ಲ ತುಂಡುಗಳನ್ನೂ ಒಮ್ಮೆಗೇ ಬಿಡಿಸಿಕೊಳ್ಳದೆ, ಒಂದು ತುಂಡು ತೆಗೆದು, ಕಡ್ಡಿ ಕೆಳಗಿಟ್ಟು, ಅದನ್ನು ನುಂಗಿದ ಮೇಲೆ ಮುಂದಿನದಕ್ಕೆ ಕೈ ಹಾಕುವುದು. ಮೊದಲ ಮೂರು ತುತ್ತಿನವರೆಗೆ ಮಾತಿಲ್ಲ, ಮೊಬೈಲ್ ಇಲ್ಲ. ಇದೆಲ್ಲ ನೆಲದ ಮೇಲೋ ಕುರ್ಚಿಯ ಮೇಲೋ ಕೂತು. ಮೊದಲ ವಾರ ಅಕ್ಕೋರು ಊಟದ ನಡುವೆ ಐದು ಬಾರಿ ಎದ್ದರಂತೆ, ಒಮ್ಮೆ ಉಪ್ಪಿಗೆ, ಒಮ್ಮೆ ನೀರಿಗೆ, ಉಳಿದ ಮೂರು ಬಾರಿ ಯಾಕೆಂದು ಅವರಿಗೇ ಗೊತ್ತಿಲ್ಲ. ಆಮೇಲೆ ಬೇಕಾದದ್ದನ್ನೆಲ್ಲ ಮೊದಲೇ ಪಕ್ಕದಲ್ಲಿಟ್ಟುಕೊಂಡು ಕೂರುವ ರೂಢಿ ಮಾಡಿಕೊಂಡರು.

ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧದ ಕಾಲ. ತಾಜಾ ಮೀನು ಕಡಿಮೆ, ಇದ್ದರೂ ದರ ಮುಟ್ಟುವಂತಿಲ್ಲ. ಅಜ್ಜಿಯ ನೆನಪು ಬಂದ ಮೇಲೆ ಅಕ್ಕೋರು ವಾರಕ್ಕೆ ಮೂರು ದಿನ ಒಣ ಬಂಗಡೆ ಸುಡತೊಡಗಿದ್ದರು. ಆದರೆ ಒಣಮೀನಿನ ಜೀವವೇ ಉಪ್ಪು, ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅವರ ರಕ್ತದೊತ್ತಡವನ್ನೂ ಮರೆಯುವಂತಿರಲಿಲ್ಲ. ವಾರಕ್ಕೆ ಒಮ್ಮೆ ಮಾತ್ರ, ನೀರು ಬದಲಿಸಿ ಎರಡು ಬಾರಿ ನೆನೆಸಿ, ಅರ್ಧ ಮೀನು ಎಂದಾಯಿತು. ನೆನೆಸಿದ ಒಣಮೀನು ಅಜ್ಜಿಯ ಒಣಮೀನಿನ ಹಾಗಿಲ್ಲ ಎಂದು ಅವರು ಹೇಳಿದರು. ಅದು ನಿಜವೇ, ನನ್ನಲ್ಲಿ ಅದಕ್ಕೆ ಪರಿಹಾರವಿರಲಿಲ್ಲ.

ಆಗಸ್ಟ್ ಮೊದಲ ವಾರದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.9ಕ್ಕೆ ಇಳಿದಿತ್ತು. ಅದರಲ್ಲಿ ಸಂಜೆಯ ನಡಿಗೆಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ನನ್ನ ಕೆಲಸವಲ್ಲ. ಮುಂದಿನ ಪರೀಕ್ಷೆಯ ದಿನವನ್ನು ವೈದ್ಯರು ಗೊತ್ತುಮಾಡಿದ್ದಾರೆ. ಕೆಂಪು ಪೆನ್ನು ನೋಟುಬುಕ್ಕಿನಿಂದ ಹೋಗಿದೆ. ಖಾರಿ ಹೋಗಿಲ್ಲ, ವಾರಕ್ಕೆ ಒಂದೋ ಎರಡೋ ರಾತ್ರಿ ಈಗಲೂ ಇದೆ.

ಕೊನೆಯ ಭೇಟಿಯಲ್ಲಿ ಮಗ ಒಂದು ಸಂಗತಿ ಹೇಳಿದ. ಹಿಂದಿನ ಶನಿವಾರ ರಾತ್ರಿ ಅಡುಗೆಮನೆಯಿಂದ ಡಬ್ಬಿಯ ಮುಚ್ಚಳ ಠಣ್ ಎಂದದ್ದು ಅವನ ಕೋಣೆಗೆ ಕೇಳಿಸಿತಂತೆ. ಅವನು ಹಾಸಿಗೆಯಿಂದಲೇ "ಆಯಿ, ನನಗೂ ಎರಡು ತಾ" ಎಂದು ಕೂಗಿದನಂತೆ. ಇಬ್ಬರೂ ಅದನ್ನು ಕೂತು ತಿಂದರೋ ನಿಂತು ತಿಂದರೋ ಎಂದು ನಾನು ಕೇಳಲಿಲ್ಲ.