ಮಹಡಿ ಎಣಿಸಬೇಡಿ, ಗುಂಡಿ ಅಳೆಯಿರಿ

ಪಕ್ಕದ ಖಾಲಿ ಜಾಗದಲ್ಲಿ 22 ಮಹಡಿಯ ಟವರ್ ಬರುತ್ತಿದೆ, ಮಹಡಿ ತಗ್ಗಿಸಿ ಎನ್ನುವ ಮನವಿಗೆ ಸಹಿ ಹಾಕಲೋ ಬೇಡವೋ ಎಂದು ಕೇಳಿದ್ದೀರಿ. ನಮ್ಮ ಬೀದಿಯವರೂ ಇದೊಂದೇ ಪ್ರಶ್ನೆ ಹಿಡಿದು ಎಂಟು ತಿಂಗಳು ಓಡಾಡಿದೆವು. ಕೊನೆಗೆ ನಾಲ್ಕು ಮಹಡಿ ಕಡಿಮೆಯೂ ಆಯಿತು. ಆದರೆ ಕಟ್ಟಲು ಅನುಮತಿ ಇದ್ದ ಒಟ್ಟು ವಿಸ್ತೀರ್ಣ ಮಾತ್ರ ಒಂದು ಚದರಡಿಯೂ ಇಳಿಯಲಿಲ್ಲ. ಮೇಲೆ ಕಳೆದದ್ದು ಪಕ್ಕಕ್ಕೆ ಹರಡಿತು, ಕಟ್ಟಡ ದಪ್ಪಗಾಯಿತು, ಮೂರು ಹಂತದ ಬೇಸ್‌ಮೆಂಟು ನಮ್ಮ ಕಾಂಪೌಂಡಿನಿಂದ ಎರಡೇ ಮೀಟರ್ ದೂರಕ್ಕೆ ಬಂತು.

ಅದನ್ನೂ ಸಹಿಸಬಹುದಿತ್ತು. ನಿಜವಾಗಿ ನಮ್ಮನ್ನು ಮುಳುಗಿಸಿದ ತಪ್ಪು ಬೇರೆ: ಅಗೆತ ಶುರುವಾಗುವ ಮೊದಲು ನಮ್ಮ ಗೋಡೆಗಳು ಹೇಗಿದ್ದವು ಎಂಬುದನ್ನು ಒಬ್ಬರೂ ದಾಖಲಿಸಿಕೊಳ್ಳಲಿಲ್ಲ. ಮೂರನೇ ತಿಂಗಳಿಗೆ ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಬಿಟ್ಟಿತು. ಬಿಲ್ಡರ್ ಕಡೆಯ ಎಂಜಿನಿಯರ್ ಬಂದು ನೋಡಿ, ‘ಇವೆಲ್ಲ ಹಳೆಯ ಬಿರುಕು’ ಎಂದರು. ಅಲ್ಲ ಎನ್ನಲು ನಮ್ಮ ಬಳಿ ಒಂದೇ ಒಂದು ಫೋಟೊ ಇರಲಿಲ್ಲ. ಆಮೇಲೆ ತೆಗೆದ ನೂರಾರು ಫೋಟೊ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಅವರ ಮಾತನ್ನು ತಳ್ಳಿಹಾಕಲಾಗದ್ದು ಯಾಕೆಂದರೆ, ಯಾವ ಹಳೆಯ ಮನೆಯಲ್ಲೂ ಬಿರುಕು ಇದ್ದೇ ಇರುತ್ತದೆ. ಗಾರೆ ಒಣಗಿದಾಗ ಕೂದಲೆಳೆಯಂಥ ಬಿರುಕುಗಳು ಜೇಡರ ಬಲೆಯಂತೆ ಹರಡುತ್ತವೆ. ತಾರಸಿ ಬಿಸಿಲಿಗೆ ಹಿಗ್ಗಿ ಕುಗ್ಗಿದರೆ ಸೂರಿನ ಕೆಳಗೆ ಅಡ್ಡಗೆರೆ ಬೀಳುತ್ತದೆ. ಪಾಯದ ಒಂದು ಕಡೆ ಮಾತ್ರ ಕುಸಿದಾಗ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆ ಬಿರುಕು ಏಳುತ್ತದೆ, ಒಂದು ತುದಿ ಇನ್ನೊಂದಕ್ಕಿಂತ ಅಗಲವಾಗಿರುತ್ತದೆ. ನಮ್ಮವು ಮೂರನೆಯ ಬಗೆಯವು. ಆದರೆ ಮೊದಲ ಎರಡು ಬಗೆಯವೂ ಅದೇ ಗೋಡೆಯಲ್ಲಿದ್ದುದರಿಂದ ಯಾವುದು ಎಂದಿನದು ಎಂಬುದೇ ವಾದವಾಗಿ, ಆ ವಾದ ಮುಗಿಯಲೇ ಇಲ್ಲ.

ಮಣ್ಣು ಸರಿಯುವುದು ಎರಡು ಕಾರಣಕ್ಕೆ. ಮೂರು ಬೇಸ್‌ಮೆಂಟು ಎಂದರೆ ಪಾಯವೂ ಸೇರಿ ಸುಮಾರು 11-12 ಮೀಟರ್ ಆಳ. ಗುಂಡಿಯ ಅಂಚಿಗೆ ಎಷ್ಟೇ ಗಟ್ಟಿ ತಡೆಗೋಡೆ ಹಾಕಿದರೂ ಅದು ಸ್ವಲ್ಪವಾದರೂ ಒಳಕ್ಕೆ ಬಾಗುತ್ತದೆ, ಹಿಂದಿನ ಮಣ್ಣು ಹಿಂಬಾಲಿಸುತ್ತದೆ. ಇದರ ಪರಿಣಾಮ ಆಳದ ಎರಡು-ಮೂರು ಪಟ್ಟು ದೂರದವರೆಗೂ ಇರಬಹುದು, ಅಂದರೆ 25-35 ಮೀಟರ್. ಮೆತ್ತನೆಯ ಜೇಡಿಮಣ್ಣಾದರೆ ಇನ್ನೂ ಆಚೆ. ಎರಡನೆಯದು ನೀರು. ಗುಂಡಿ ಒಣಗಿಸಲು ಹಗಲೂ ರಾತ್ರಿ ಪಂಪು ಓಡಿಸುತ್ತಾರೆ. ಅಂತರ್ಜಲ ಒಂದು ಮೀಟರ್ ಇಳಿದರೆ ಕೆಳಗಿನ ಮಣ್ಣಿನ ಮೇಲೆ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ಹೆಚ್ಚಿನ ಭಾರ ಬಿದ್ದಂತೆ. ಇಡೀ ಮನೆ ಒಂದೇ ಸಮ ಕುಸಿದರೆ ಅಷ್ಟು ತೊಂದರೆಯಿಲ್ಲ, ಗುಂಡಿಯ ಕಡೆಯ ಗೋಡೆ ಮಾತ್ರ ಇಳಿದರೆ ಕಷ್ಟ. ಆರು ಮೀಟರ್ ಉದ್ದದ ಗೋಡೆಯ ಎರಡು ತುದಿಗಳ ನಡುವೆ 12 ಮಿಲಿಮೀಟರ್ ವ್ಯತ್ಯಾಸದವರೆಗೆ ಸಾಮಾನ್ಯವಾಗಿ ಭಯವಿಲ್ಲ. 20 ಮುಟ್ಟಿದರೆ ಬಿರುಕು ನಿರೀಕ್ಷಿಸಬಹುದು.

ಆದ್ದರಿಂದ ಈ ವಾರವೇ ಹೀಗೆ ಮಾಡಿ. ಪ್ರತಿ ಕೋಣೆಯ ನಾಲ್ಕು ಗೋಡೆ, ಸೂರು, ನೆಲ, ಹೊರಗೋಡೆ, ಕಾಂಪೌಂಡು ಎಲ್ಲದರ ಫೋಟೊ ತೆಗೆಯಿರಿ. ಮೊದಲು ಗೋಡೆ ಇಡಿಯಾಗಿ, ನಂತರ ಒಂದೊಂದು ಬಿರುಕೂ ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಹಿಡಿದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಬಿರುಕು ಮುಂದುವರಿದರೆ ಗೆರೆ ದಾಟಿರುತ್ತದೆ. ಬಾಗಿಲುಗಳು ಸಲೀಸಾಗಿ ಮುಚ್ಚುತ್ತವೆಯೇ, ತೂಗುಗುಂಡು ಬಿಟ್ಟರೆ ಮೂಲೆಗಳು ನೇರ ಇವೆಯೇ ಎಂಬುದನ್ನೂ ಬರೆದಿಡಿ. ಇದನ್ನು ನೀವೊಬ್ಬರೇ ಮಾಡಿದರೆ ಸಾಕ್ಷಿಯಾಗಿ ಅದಕ್ಕೆ ಅರ್ಧ ಬೆಲೆಯಷ್ಟೇ. ಯಾವ ಕಡೆಗೂ ಸೇರದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಮಾಡಿಸಿ, ಬಿಲ್ಡರ್ ಪ್ರತಿನಿಧಿಯನ್ನು ಕರೆಸಿ, ಮಹಜರಿನಂತೆ ಪ್ರತಿ ಪುಟಕ್ಕೂ ಇಬ್ಬರ ಸಹಿ ಹಾಕಿಸಿ. ಒಂದು ಪ್ರತಿ ಅನುಮತಿ ಕೊಡುವ ಕಚೇರಿಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಎಚ್ಚರವಿದ್ದ ಬಿಲ್ಡರ್ ಆದರೆ ತಾವಾಗಿಯೇ ಒಪ್ಪುತ್ತಾರೆ, ಸುಳ್ಳು ದೂರುಗಳಿಂದ ಅವರಿಗೂ ಅದೇ ರಕ್ಷಣೆ.

ಇನ್ನು ಮನವಿ. ಒಂದೇ ಒಕ್ಕಣೆಗೆ ಮುನ್ನೂರು ಸಹಿ ಬಿದ್ದರೂ ಅದರಲ್ಲಿರುವುದು ಒಂದೇ ವಾದ. ಅಹವಾಲು ಸಭೆ ಮತದಾನವಲ್ಲ. ‘ಟವರ್ ಬೇಡ’ ಎನ್ನುವುದಕ್ಕೆ ನಿಯಮದಲ್ಲಿ ಜಾಗವೇ ಇರುವುದಿಲ್ಲ, ಷರತ್ತು ಕೇಳುವುದಕ್ಕೆ ಇರುತ್ತದೆ. ಬೇಸ್‌ಮೆಂಟಿನ ಅಂಚು ಗಡಿಯಿಂದ ಎಷ್ಟು ದೂರ ಇರಬೇಕು, ಪೈಲನ್ನು (ನೆಲದಾಳಕ್ಕೆ ಇಳಿಸುವ ಪಾಯದ ಕಂಬ) ಬಡಿದು ಇಳಿಸದೆ ಕೊರೆದು ಹಾಕಬೇಕು, ಕಂಪನ ಅಳೆಯುವ ಯಂತ್ರ ನಮ್ಮ ಪಾಯದ ಬಳಿ ಇರಬೇಕು ಎಂದು ಕೇಳಿ. ಜರ್ಮನಿಯ ಡಿಐಎನ್ 4150 ಮಾನದಂಡದ ಪ್ರಕಾರ ಕಡಿಮೆ ಆವರ್ತನದ ಕಂಪನಕ್ಕೆ ವಾಸದ ಮನೆಯ ಮಿತಿ, ಅಂದರೆ ಪಾಯ ಅಲುಗುವ ವೇಗದ ಮಿತಿ, ಸೆಕೆಂಡಿಗೆ 5 ಮಿಲಿಮೀಟರ್, ಸೂಕ್ಷ್ಮವಾದ ಪಾರಂಪರಿಕ ಕಟ್ಟಡಕ್ಕೆ 3. ಅಂಕಿಯನ್ನು ಷರತ್ತಿನಲ್ಲೇ ಬರೆಸಿ, ಮೀರಿದರೆ ಕೆಲಸ ನಿಲ್ಲಬೇಕು ಎಂದೂ ಬರೆಸಿ.

ನೆರಳಿನ ಬಗ್ಗೆ ನಿಮ್ಮ ಬೀದಿಯಲ್ಲಿ ಹೆಚ್ಚು ಮಾತಾಗುತ್ತಿರಬೇಕು. 22 ಮಹಡಿ ಎಂದರೆ ಸುಮಾರು 70 ಮೀಟರ್. ಸೂರ್ಯ 45 ಡಿಗ್ರಿಯಲ್ಲಿದ್ದಾಗ ನೆರಳೂ 70 ಮೀಟರ್, 30 ಡಿಗ್ರಿಗೆ ಇಳಿದಾಗ 120. ಉದ್ದ ಕೇಳಿ ಹೆದರಬೇಡಿ. ಸಪೂರ ಟವರಿನ ನೆರಳು ನಿಮ್ಮ ಅಂಗಳವನ್ನು ಬೇಗ ದಾಟಿ ಹೋಗುತ್ತದೆ. ಗಿಡ್ಡಗೆ, ಅಗಲವಾಗಿ ಪಕ್ಕದಲ್ಲೇ ನಿಂತ ಕಟ್ಟಡದ ನೆರಳು ಅರ್ಧ ದಿನ ಅಲ್ಲೇ ಕೂರುತ್ತದೆ. ಮಹಡಿ ತಗ್ಗಿಸಿ ಎಂಬ ಬೇಡಿಕೆಗೆ ನಾನು ಇವತ್ತು ಸಹಿ ಹಾಕುವುದಿಲ್ಲ.

ಅಗೆತ ಶುರುವಾದ ಮೇಲೆ ವಾರಕ್ಕೊಮ್ಮೆ ಬಿರುಕು ಅಳೆಯಿರಿ. ಪಂಪಿನಿಂದ ಹೊರಬರುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ತಳದಲ್ಲಿ ನುಣುಪಾದ ಮರಳು ದಿನದಿಂದ ದಿನಕ್ಕೆ ನಿಲ್ಲುತ್ತಿದ್ದರೆ ನೀರಿನ ಜತೆ ಮಣ್ಣೂ ಹೋಗುತ್ತಿದೆ ಎಂದರ್ಥ, ಅಂದೇ ಲಿಖಿತವಾಗಿ ದೂರು ಕೊಡಿ. ಬಿರುಕು 5 ಮಿಲಿಮೀಟರ್ ದಾಟಿದರೆ, ಅಥವಾ ನಿನ್ನೆವರೆಗೆ ಸರಿಯಿದ್ದ ಬಾಗಿಲು ಇವತ್ತು ಕಚ್ಚಿಕೊಂಡರೆ, ವಾರ ಕಾಯದೆ ಎಂಜಿನಿಯರನ್ನು ಕರೆಸಿ. ಪಂಪು ನಿಂತ ಮೇಲೂ ಆರು ತಿಂಗಳು ಅಳತೆ ಬಿಡಬೇಡಿ. ಜೇಡಿಮಣ್ಣು ನಿಧಾನವಾಗಿ ಕೂರುತ್ತದೆ, ಬಿರುಕು ಎಷ್ಟೋ ಸಲ ಕ್ರೇನ್ ಹೊರಟುಹೋದ ಮೇಲೆ ಕಾಣಿಸಿಕೊಳ್ಳುತ್ತದೆ.